ಒಲೆ ಮುಟ್ಟಿ ನೋಡುವ ಅಳತೆಯಕ್ಕ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಗುಡ್ಡದ ಮಗ್ಗುಲಿನ ಒಂಟಿ ಮನೆಯ ಅಡುಗೆಕೋಣೆಯಲ್ಲಿ ಐವತ್ತೇಳರ ಹೆಂಗಸೊಬ್ಬರು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಅವರು ಈ ಮನೆಯವರಲ್ಲ, ಒಲೆ ಹಚ್ಚಲು ಬಂದವರೂ ಅಲ್ಲ. ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ ನೇತಾಡುತ್ತಿದೆ, ಸೊಂಟದಲ್ಲಿ ಮೂವತ್ತು ಮೀಟರಿನ ಟೇಪಿದೆ, ಕಿವಿಯ ಮೇಲೊಂದು ಪೆನ್ಸಿಲ್ಲು ಸಿಕ್ಕಿಸಿಕೊಂಡಿದ್ದಾರೆ. ಮನೆಯಾಕೆಯ ಕಡೆ ತಿರುಗಿ "ಮುಟ್ಟಬಹುದಾ?" ಎಂದು ಕೇಳುತ್ತಾರೆ. ಆಕೆ ತಲೆಯಾಡಿಸಿದ ಮೇಲೆ ಒಲೆಯ ಕಲ್ಲಿಗೆ ಬಲಗೈಯ ಅಂಗೈ ಊರಿ, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ನೋಟ್‌ಬುಕ್ಕಿನ ಅಂಚಿನಲ್ಲಿ ಎರಡೇ ಪದ ಬರೆಯುತ್ತಾರೆ: ಒಲೆ ಬೆಚ್ಚಗಿದೆ.

ಕಣಿವೆ ಸಂರಕ್ಷಣಾ ಕಚೇರಿಯ ಹಾಜರಿ ಪುಸ್ತಕದಲ್ಲಿ ಇವರ ಹುದ್ದೆ ಸ್ಥಳ ಪರಿಶೀಲನಾ ಸಹಾಯಕಿ. ಅಷ್ಟುದ್ದದ ಹೆಸರನ್ನು ಯಾರೂ ಬಾಯಲ್ಲಿ ಇಟ್ಟುಕೊಂಡಿಲ್ಲ. ಕಣಿವೆಯ ಉದ್ದಗಲಕ್ಕೂ ಇವರು ಅಳತೆಯಕ್ಕ. ಕಚೇರಿಯ ಅಧಿಕಾರಿಗಳೂ ಎದುರಿಗೆ ಮೇಡಂ ಎಂದು, ಬೆನ್ನ ಹಿಂದೆ ಅಳತೆಯಕ್ಕ ಎಂದೇ ಕರೆಯುವುದು. ಮೂವತ್ತೊಂದು ವರ್ಷದಿಂದ ಇದೇ ಕೆಲಸದಲ್ಲಿರುವ ಇವರಿಗೆ ನಿವೃತ್ತಿಗೆ ಇನ್ನೊಂದು ವರ್ಷ ಬಾಕಿಯಿದೆ.

ಇವರ ಬಗ್ಗೆ ಬರೆಯಲೆಂದು ಜೊತೆಗೆ ಬಂದಿರುವ ನಾನು, ಕೆಲಸವೇನೆಂದು ಮೊದಲು ಹೇಳಿಬಿಡುತ್ತೇನೆ. ಈ ಕಣಿವೆಯಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಹುಲ್ಲುಗಾವಲು, ತೊರೆ, ಬೇಲಿಸಾಲು ಇದ್ದಂತೆಯೇ ಇರಬೇಕೆಂಬುದು ನಿಯಮ. ಇರುವ ದಾರಿ ಒಂದೇ. ಜನ ವಾಸವಿರುವ ಹಳೆಯ ಮನೆಯೊಂದು ನಿಂತಿದ್ದರೆ, ಅದನ್ನು ಕೆಡವಿ ಅದೇ ಜಾಗದಲ್ಲಿ ಹೆಚ್ಚುಕಡಿಮೆ ಅದೇ ಅಳತೆಯ ಇನ್ನೊಂದು ಮನೆ ಕಟ್ಟಿಕೊಳ್ಳಬಹುದು. ಹಳೆಯದು ವಾಸದ ಮನೆಯೇ ಅಲ್ಲವೆಂದಾದರೆ ಅಥವಾ ತೀರ್ಮಾನಕ್ಕೆ ಮುಂಚೆಯೇ ಬಿದ್ದುಹೋದರೆ ಮುಗಿಯಿತು, ಆ ಜಾಗ ಹುಲ್ಲಿನ ಪಾಲು. ತೀರ್ಮಾನ ಮಾಡುವುದು ಪಟ್ಟಣದಲ್ಲಿ ಕೂರುವ ಏಳು ಜನರ ಸಮಿತಿ. ಆ ಏಳು ಜನರಲ್ಲಿ ಗುಡ್ಡ ಹತ್ತಿ ಮನೆ ನೋಡಿಬರುವವರು ಅಪರೂಪ. ಅವರ ಮುಂದೆ ಇರುವುದು ಅಳತೆಯಕ್ಕ ಬರೆದ ನಾಲ್ಕು ಪುಟದ ವರದಿ.

ಇವತ್ತಿನ ಮನೆ ಅತ್ತಿಗೆ-ನಾದಿನಿಯರದು. ನಾದಿನಿ ಕುರಿ ಸಾಕುತ್ತಾರೆ. ಅತ್ತಿಗೆ ಪಟ್ಟಣದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು, ಮನೆ ಸೇರುವುದು ಎಂಟರ ಮೇಲೆ. ಹಾಗಾಗಿ ನಮ್ಮೊಂದಿಗಿರುವುದು ನಾದಿನಿಯೊಬ್ಬರೇ. ಮನೆಯ ಹಿಂಗೋಡೆ ಹೊಟ್ಟೆ ಮುಂದೆ ಬಿಟ್ಟುಕೊಂಡು ನಿಂತಿದೆ, ಎರಡು ಮರದ ದಿಮ್ಮಿಗಳು ಅದನ್ನು ಆನಿಸಿ ಹಿಡಿದಿವೆ. "ಮಲಗಿದಾಗ ನಾನು ಈ ಕಡೆ ಗೋಡೆಗೆ, ಅತ್ತಿಗೆ ಮಂಚ ಆ ಕಡೆ ಗೋಡೆಗೆ. ಹಿಂಗೋಡೆ ಬಿದ್ದರೆ ಬೀಳಲಿ ಅಂತ ಮಧ್ಯದ ಜಾಗ ಬಿಟ್ಟಿದೀವಿ," ಎಂದು ನಾದಿನಿ ನಗುತ್ತಾರೆ. ನಗು ಬೇಗ ನಿಲ್ಲುತ್ತದೆ. ಈ ಮನೆಗೆ ಒಪ್ಪಿಗೆ ಸಿಗದಿದ್ದರೆ ಇಬ್ಬರೂ ಪಟ್ಟಣಕ್ಕೆ ಇಳಿಯಬೇಕು, ಎಪ್ಪತ್ತು ಕುರಿಗಳನ್ನು ಯಾರಿಗಾದರೂ ಕೊಡಬೇಕು.

ಅಳತೆಯಕ್ಕ ಬಚ್ಚಲಿಗೆ ಹೋಗಿ ನೆಲದ ತೇವ ನೋಡುತ್ತಾರೆ. ಗೂಟಕ್ಕೆ ನೇತುಹಾಕಿದ ಟವೆಲ್ ಹಿಡಿದು ನೋಡುತ್ತಾರೆ. ಒಲೆಯ ಮೇಲಿನ ಗೋಡೆಯ ಮಸಿಗೆ ಬೆರಳು ತಾಗಿಸುತ್ತಾರೆ. ಆಮೇಲೆ ಟೇಪು ಹೊರಬರುತ್ತದೆ. ಮನೆಯನ್ನು ಬಲದಿಂದ ಒಂದು ಸುತ್ತು ಅಳೆಯುತ್ತಾರೆ, ಎಡದಿಂದ ಇನ್ನೊಂದು ಸುತ್ತು. ಎರಡೂ ಲೆಕ್ಕ ತಾಳೆಯಾಗದಿದ್ದರೆ ಮೂರನೆಯ ಸುತ್ತು. ನಾನು ಟೇಪಿನ ತುದಿ ಹಿಡಿದು ನಿಂತವನು ಸ್ವಲ್ಪ ಸಡಿಲ ಬಿಟ್ಟೆ. "ಸ್ವಾಮಿ, ನೀವು ಬರೆಯೋವಾಗ ಎಳೆದು ಬರೀರಿ, ಪರವಾಗಿಲ್ಲ. ಇಲ್ಲಿ ಸರಿಯಾಗಿ ಹಿಡೀರಿ," ಎಂದರು. ಅಲ್ಲಿಂದಾಚೆ ಸರಿಯಾಗಿಯೇ ಹಿಡಿದೆ.

"ಬೆಳಗಿನ ಜಾವವೇ ಯಾಕೆ?" ಎಂದು ಕೇಳುತ್ತೇನೆ.

"ಹಗಲಲ್ಲಿ ಮನೆ ಸುಳ್ಳು ಹೇಳುತ್ತೆ. ಮಂಚ ತಂದು ಹಾಕಬಹುದು, ಪರದೆ ಕಟ್ಟಬಹುದು. ಬೆಳಗ್ಗೆ ಆರು ಗಂಟೆಗೆ ಯಾರೂ ನಾಟಕ ಆಡೋಕಾಗಲ್ಲ."

ನಾಟಕ ಆಡಿದವರೂ ಇದ್ದಾರೆ. ಹಿಂದೊಮ್ಮೆ ಒಬ್ಬ ಮಹಾನುಭಾವ ದನದ ಕೊಟ್ಟಿಗೆಯನ್ನೇ ಮನೆಯೆಂದು ತೋರಿಸಿ ಬಂಗಲೆಗೆ ಅರ್ಜಿ ಹಾಕಿದ್ದನಂತೆ. ಒಳಗೆ ಮಂಚವಿತ್ತು, ಕನ್ನಡಿಯಿತ್ತು, ಗೋಡೆ ಗಡಿಯಾರವಿತ್ತು. ಗಡಿಯಾರದ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಒಲೆಯೇನೋ ಬಿಸಿಯಾಗಿತ್ತು, ಆದರೆ ಅದರ ಮೇಲಿನ ಗೋಡೆಯಲ್ಲಿ ಮಸಿಯ ಕುರುಹೇ ಇಲ್ಲ. ಅಳತೆಯಕ್ಕ ಟೇಪು ಬಿಚ್ಚುತ್ತಿದ್ದಾಗ ಹಸುವೊಂದು ತನ್ನ ಪಾಡಿಗೆ ತಾನು ಬಂದು, ಹೊಸಿಲು ದಾಟಿ, ಮಂಚದ ಪಕ್ಕ ನಿಂತು ಮೆಲುಕು ಹಾಕತೊಡಗಿತು. "ವಾಸ ಇರೋರು ಬಂದ್ರು ಅಂತ ಬರ್ಕೊಂಡೆ," ಎನ್ನುವಾಗ ಅವರ ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಆ ಅರ್ಜಿ ಬಿದ್ದುಹೋಯಿತು.

ಅಳತೆ ಮುಗಿದ ಮೇಲೆ ಕೋಲಿನ ಸರದಿ. ನಾಲ್ಕು ತುಂಡು ಜೋಡಿಸಿದರೆ ಎಂಟು ಮೀಟರು ಎತ್ತರವಾಗುವ ಅಲ್ಯೂಮಿನಿಯಂ ಕೋಲು, ತುದಿಗೆ ಕೆಂಪು ಬಟ್ಟೆ. ಹೊಸ ಮನೆಯ ನಕ್ಷೆಯಲ್ಲಿ ಛಾವಣಿ ಎಷ್ಟು ಎತ್ತರವಿದೆಯೋ ಅಷ್ಟಕ್ಕೆ ಬಟ್ಟೆ ಕಟ್ಟಿ, ನಾದಿನಿಯ ಕೈಗೆ ಕೋಲು ಕೊಟ್ಟು, ಅಳತೆಯಕ್ಕ ಎದುರು ಗುಡ್ಡದ ಕಾಲುದಾರಿಗೆ ಹೊರಡುತ್ತಾರೆ. ನನ್ನ ಕಾಲು ಅವರ ಕಾಲಿಗಿಂತ ಇಪ್ಪತ್ತು ವರ್ಷ ಚಿಕ್ಕದು, ಆದರೂ ಏದುಸಿರು ಬಿಟ್ಟವನು ನಾನೇ. ಕಾಲುದಾರಿಯ ಮೂರು ಕಡೆ ನಿಂತು ಹಿಂದಿರುಗಿ ನೋಡುತ್ತಾರೆ. ಮೂರು ಕಡೆಯಿಂದಲೂ ಕೆಂಪು ಬಟ್ಟೆ ಮರಗಳ ನೆತ್ತಿ ದಾಟಿ ಆಕಾಶದಲ್ಲಿ ಕಾಣುತ್ತಿದೆ.

"ಮೇಲೊಂದು ರೂಮು ಕೇಳಿದಾರೆ. ಅದು ಆಗಲ್ಲ," ಎನ್ನುತ್ತಾರೆ ಅಳತೆಯಕ್ಕ, ಸ್ವಲ್ಪ ಬೇಸರದಿಂದಲೇ.

ಮಹಡಿಯ ಕೋಣೆ ಕೇಳಿದ್ದು ಶೋಕಿಗಲ್ಲ. ರಾತ್ರಿಯೆಲ್ಲ ದುಡಿದು ಬರುವ ಅತ್ತಿಗೆಗೆ ಹಗಲು ಮಲಗಲು ಸದ್ದಿಲ್ಲದ ಜಾಗ ಬೇಕು. ಕುರಿಗಳಿಗೆ ಇದು ಅರ್ಥವಾಗುವುದಿಲ್ಲ. ಕೆಳಗಿಳಿದು ಬಂದ ಅಳತೆಯಕ್ಕ ನಾದಿನಿಗೆ ನೇರವಾಗಿಯೇ ಹೇಳುತ್ತಾರೆ: "ಮಹಡಿ ಬೇಡ ಅಂತ ಬರೀತೀನಮ್ಮ, ಬೇಜಾರು ಮಾಡ್ಕೋಬೇಡಿ. ಹಿಂದುಗಡೆ ದಿಬ್ಬದ ಕಡೆ ಒಂದು ಕೋಣೆ ಬರೋ ಹಾಗೆ ನಕ್ಷೆ ತಿರುಗಿಸಿ. ಅಲ್ಲಿ ಸದ್ದು ಬರಲ್ಲ, ನಾನು ನಿಂತು ನೋಡಿದೀನಿ. ಇನ್ನೊಂದು ಮಾತು. ತೀರ್ಮಾನ ಬರೋವರೆಗೂ ಒಂದು ಹೆಂಚೂ ತೆಗೀಬೇಡಿ." ನಾದಿನಿ ಆಗಲಿ ಎನ್ನುತ್ತಾರೆ. ಈ ಕೊನೆಯ ಮಾತನ್ನು ಅಳತೆಯಕ್ಕ ಪ್ರತಿ ಮನೆಯಲ್ಲೂ ಹೇಳಿಯೇ ಹೊರಡುವುದು.

ತಿಂಗಳಿಗೆ ಒಂದೆರಡು ಹೊಸ ಮನೆ, ಜೊತೆಗೆ ಹಳೆಯವಕ್ಕೆ ಮರುಭೇಟಿ, ಹೋದ ದಿನ ಹನ್ನೆರಡು ಕಿಲೋಮೀಟರ್ ನಡಿಗೆ, ವರ್ಷಕ್ಕೆ ಎರಡು ಜೊತೆ ಬೂಟು. ಈಗಿನದು ಐದನೆಯ ಟೇಪು. ಮೂವತ್ತೊಂದು ವರ್ಷದಲ್ಲಿ ನಲವತ್ತನಾಲ್ಕು ನೋಟ್‌ಬುಕ್ಕು, ಆರುನೂರ ಮೂವತ್ತೆಂಟು ಮನೆ. ಅವುಗಳಲ್ಲಿ ಮುಕ್ಕಾಲು ಪಾಲಿಗಿಂತ ಕಡಿಮೆ ಮನೆಗಳಿಗೆ ಮಾತ್ರ ಒಪ್ಪಿಗೆ ಸಿಕ್ಕಿದೆ. ಉಳಿದವರಲ್ಲಿ ಕೆಲವರು ಇವತ್ತಿಗೂ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ನಾಯಿ ಕಚ್ಚಿದ್ದು ಏಳು ಸಲ, ಮೆಟ್ಟಿಲು ಕುಸಿದು ಕಾಲು ಮುರಿದದ್ದು ಒಂದು ಸಲ. ಮುರಿದ ಕಾಲಿನಲ್ಲೇ ಕೂತು ಆ ಮೆಟ್ಟಿಲಿನ ಅಳತೆ ಬರೆದುಕೊಂಡರೆಂದು ಅವರ ಯಜಮಾನರು ಹೇಳುತ್ತಾರೆ.

ಯಜಮಾನರು ಶಾಲಾ ಬಸ್ಸಿನ ಚಾಲಕ. ಅವರ ದೂರುಗಳ ಪಟ್ಟಿ ಉದ್ದವಿದೆ. "ಕಣಿವೆಯಲ್ಲಿ ಯಾರ ಮನೆ ಗೋಡೆ ಎಲ್ಲಿ ಬಿರುಕು ಬಿಟ್ಟಿದೆ ಅಂತ ನಿದ್ದೇಲಿ ಕೇಳಿದ್ರೂ ಹೇಳ್ತಾಳೆ. ನಮ್ಮನೆ ಬಚ್ಚಲು ಬಾಗಿಲು ಎರಡು ವರ್ಷದಿಂದ ಕಿರುಗುಡ್ತಿದೆ, ಅದು ಮಾತ್ರ ಕಿವಿಗೇ ಬೀಳಲ್ಲ." ಅಳತೆಯಕ್ಕ ಟೀ ಸೋಸುತ್ತಾ, "ಆ ಬಾಗಿಲು ಸಂರಕ್ಷಿತ ಪ್ರದೇಶದಲ್ಲಿ ಬರಲ್ಲ," ಎನ್ನುತ್ತಾರೆ. ನಾನು ಅಲ್ಲಿದ್ದ ಅರ್ಧ ಗಂಟೆಯಲ್ಲಿ ಆ ಬಾಗಿಲು ಆರು ಸಲ ಕಿರುಗುಟ್ಟಿತು.

ಈ ಕೆಲಸಕ್ಕೆ ಅವರು ಬಂದದ್ದು ಹೇಗೆ ಎಂಬುದನ್ನು ಬಾಯಿ ಬಿಡಿಸಲು ನನಗೆ ಮೂರು ಭೇಟಿ ಬೇಕಾಯಿತು. ಅವರು ಹುಟ್ಟಿದ್ದು ಇದೇ ಕಣಿವೆಯ ಮೇಲ್ತುದಿಯಲ್ಲಿ. ಅವರಿಗೆ ಹದಿನಾಲ್ಕಾಗಿದ್ದಾಗ ಮನೆಯ ತೊಲೆ ಹುಳ ಹಿಡಿದು ಕುಸಿಯತೊಡಗಿತು. ಅಪ್ಪ ಹೊಸ ಮನೆಗೆ ಅರ್ಜಿ ಹಾಕಿದರು. ಪರಿಶೀಲನೆಗೆ ಬಂದವನು ಕಿಟಕಿಯಿಂದ ಇಣುಕಿ ನೋಡಿ, ಯಾರೂ ಕಾಣದೆ, ವಾಸವಿಲ್ಲ ಎಂದು ಬರೆದು ಹೊರಟುಹೋದ. ಅಪ್ಪ ಅಮ್ಮ ಕಲ್ಲುಗಣಿಯಲ್ಲಿದ್ದರು, ಮಕ್ಕಳು ಶಾಲೆಯಲ್ಲಿ. ಅರ್ಜಿ ತಿರಸ್ಕೃತವಾಯಿತು. ಮನೆ ಬಿತ್ತು. ಆರು ಜನ ಪಟ್ಟಣದ ಎರಡು ಬಾಡಿಗೆ ಕೋಣೆಗೆ ಬಂದರು.

ಇಪ್ಪತ್ತಾರರಲ್ಲಿ ಟೇಪಿನ ತುದಿ ಹಿಡಿಯುವ ಕೆಲಸಕ್ಕೆ ಇದೇ ಕಚೇರಿ ಸೇರಿದ ಹುಡುಗಿ, ಮೊದಲ ತಿಂಗಳಲ್ಲೇ ದಾಖಲೆ ಕೋಣೆಯ ಕೆಳಗಿನ ಕಪಾಟಿನಿಂದ ಅಪ್ಪನ ಫೈಲು ಹುಡುಕಿ ತೆಗೆದಳು.

"ಭೇಟಿ ಸಮಯ ಹನ್ನೊಂದು ಇಪ್ಪತ್ತು ಅಂತ ಬರೆದಿತ್ತು," ಎನ್ನುತ್ತಾರೆ ಅಳತೆಯಕ್ಕ. "ಹನ್ನೊಂದು ಇಪ್ಪತ್ತಕ್ಕೆ ದುಡಿಯೋರ ಮನೇಲಿ ಯಾರಿರ್ತಾರೆ ಹೇಳಿ. ಆವತ್ತೇ ತೀರ್ಮಾನ ಮಾಡ್ದೆ, ಹೋದ್ರೆ ಬೆಳಗ್ಗೆನೇ ಹೋಗಬೇಕು ಅಂತ."

ಸಿಟ್ಟು ಬರಲಿಲ್ಲವೇ ಎಂದರೆ, ಬಂತು ಎನ್ನುತ್ತಾರೆ. ಒಂದು ವಾರ ಊಟ ಸೇರಲಿಲ್ಲವಂತೆ. ಆದರೆ ನಿಯಮದ ಮೇಲೆ ಅವರಿಗೆ ಸಿಟ್ಟಿಲ್ಲ. "ನಿಯಮ ಇಲ್ಲದಿದ್ರೆ ಈ ಗುಡ್ಡದ ತುಂಬ ಬಂಗಲೆ ಇರ್ತಿತ್ತು. ತೊರೆ ಎಲ್ಲಿತ್ತು ಅಂತ ಮಕ್ಕಳಿಗೆ ಫೋಟೋ ತೋರಿಸಬೇಕಿತ್ತು. ನಿಯಮ ಸರಿ ಇದೆ. ನೋಡೋರು ಸರಿಯಾಗಿ ನೋಡಬೇಕು ಅಷ್ಟೆ." ನಾನು ಕಂಡ ಅಧಿಕಾರಿಗಳಲ್ಲಿ ಕೆಲವರು ನಿಯಮವನ್ನು ಪ್ರೀತಿಸುತ್ತಾರೆ, ಕೆಲವರು ಜನರನ್ನು. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಗುಡ್ಡ ಹತ್ತುವವರನ್ನು ಕಂಡದ್ದು ಇದೇ ಮೊದಲು.

ಮೊದಲ ಭೇಟಿಯಾದ ಮೂರು ವಾರಕ್ಕೆ ಅವರಿಂದ ನನಗೊಂದು ಫೋನು ಬಂತು. "ಹೆಂಚು ತೆಗೆದುಬಿಟ್ಟಿದಾರೆ," ಎಂದಷ್ಟೇ ಹೇಳಿದರು.

ನಡೆದದ್ದು ಇಷ್ಟು. ನಾದಿನಿ ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹತ್ತು ದಿನದ ಮಟ್ಟಿಗೆ ಹೋಗಿದ್ದರು. ಅದೇ ಹೊತ್ತಿಗೆ ಜೋರು ಗಾಳಿಯ ಮುನ್ಸೂಚನೆ ಬಂತು. ಗೋಡೆ ನೋಡಲು ಬಂದ ಮೇಸ್ತ್ರಿ, ಛಾವಣಿಯ ಭಾರಕ್ಕೇ ಗೋಡೆ ಹೊರಗೆ ಹೋಗುತ್ತಿದೆ, ಹೆಂಚು ಇಳಿಸಿದರೆ ಗೋಡೆ ಉಳಿಯುತ್ತದೆ ಎಂದ. ಗೋಡೆ ಬಿದ್ದರೆ ಮನೆ ಹೋದಂತೆ ಎಂಬುದು ಅತ್ತಿಗೆಗೆ ಗೊತ್ತಿತ್ತು. ಮನೆ ಉಳಿಸಲೆಂದೇ ಅವರು ಎರಡು ದಿನ ರಜೆ ಹಾಕಿ, ಒಂದೊಂದೇ ಹೆಂಚು ಇಳಿಸಿ, ಅಂಗಳದಲ್ಲಿ ಓರಣವಾಗಿ ಜೋಡಿಸಿಟ್ಟರು. ಕಾಲುದಾರಿಯಲ್ಲಿ ಹೋಗುತ್ತಿದ್ದ ಯಾರೋ ಬೋಳು ಮನೆಯ ಫೋಟೋ ತೆಗೆದು ಸಮಿತಿಗೆ ಕಳಿಸಿದರು. ಛಾವಣಿಯಿಲ್ಲದ್ದು ಮನೆಯಲ್ಲ, ಪಾಳು ಎಂದು ಕಚೇರಿಯಿಂದ ಒಂದು ಸಾಲಿನ ಪತ್ರ ಹೊರಟಿತು. ಕೊನೆಯ ಮಾತು ಸಮಿತಿಯ ಸಭೆಯಲ್ಲಿ.

ಮರುದಿನ ಬೆಳಗಿನ ಐದು ಗಂಟೆ ಐವತ್ತು ನಿಮಿಷಕ್ಕೆ ಅಳತೆಯಕ್ಕ ಆ ಮನೆಯಲ್ಲಿದ್ದರು, ಅವರ ಹಿಂದೆ ನಾನು. ನೆತ್ತಿಯ ಮೇಲೆ ತೊಲೆ, ತೊಲೆಯ ಮೇಲೆ ನೀಲಿ ತಾಡಪಾಲು, ಅದರ ಮೇಲೆ ಆಕಾಶ. ಸುದ್ದಿ ಕೇಳಿ ಗುಡ್ಡ ಇಳಿದು ಬಂದಿದ್ದ ನಾದಿನಿ ಅಡುಗೆಕೋಣೆಯಲ್ಲೇ ಹಾಸಿಗೆ ಹಾಕಿಕೊಂಡಿದ್ದರು. ಆ ರಾತ್ರಿಯ ಪಾಳಿಗೂ ರಜೆ ಹಾಕಿದ್ದ ಅತ್ತಿಗೆ ಮೂಲೆಯಲ್ಲಿ ನಿಂತಿದ್ದರು. ಅತ್ತ ಕಣ್ಣು ಕೆಂಪಗಿದ್ದವು.

"ನಾನೇ ಮನೆ ಹಾಳು ಮಾಡ್ಬಿಟ್ಟೆ ಅಕ್ಕ," ಎಂದರು ಅತ್ತಿಗೆ. "ಹೆಂಚು ತೆಗೀಬಾರದು ಅಂತ ಗೊತ್ತಿದ್ರೆ ನಾನು ಗೋಡೆಗೆ ಬೆನ್ನು ಕೊಟ್ಟಾದ್ರೂ ನಿಂತಿರ್ತಿದ್ದೆ."

"ನಾನು ಹೇಳೋದು ಮರ್ತೆ ಅತ್ತಿಗೆ," ಎಂದರು ನಾದಿನಿ. "ನೀವು ಬರೋ ಹೊತ್ತಿಗೆ ನಾನು ಕುರಿ ಬಿಟ್ಟುಕೊಂಡು ಹೋಗಿರ್ತಿದ್ದೆ."

ಅಳತೆಯಕ್ಕ ಇಬ್ಬರನ್ನೂ ತಡೆದರು. "ನೀವಿಬ್ಬರೂ ಜಗಳ ಆಡ್ಬೇಡಿ. ಮನೇಲಿರೋದು ಇಬ್ಬರು, ನಾನು ಒಬ್ಬರಿಗೆ ಹೇಳಿ ಕೈ ತೊಳ್ಕೊಂಡೆ." ಅಷ್ಟು ಹೇಳಿ ಕುಕ್ಕರುಗಾಲಲ್ಲಿ ಕೂತು, "ಮುಟ್ಟಬಹುದಾ?" ಎಂದು ಮತ್ತೆ ಕೇಳಿ, ಒಲೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಗೋಡೆಗಳನ್ನು ಬಲದಿಂದ ಒಮ್ಮೆ, ಎಡದಿಂದ ಒಮ್ಮೆ ಅಳೆದರು. ಒಂದು ಬೆರಳಿನಷ್ಟೂ ವ್ಯತ್ಯಾಸವಿರಲಿಲ್ಲ. ಅಂಗಳದ ಹೆಂಚುಗಳನ್ನೂ ಎಣಿಸಿದರು, ಸಾವಿರದ ನೂರ ಆರು.

ಸಮಿತಿಯ ಸಭೆ ನಡೆಯುವ ಕೋಣೆಯಲ್ಲಿ ಅಳತೆಯಕ್ಕನ ಕುರ್ಚಿ ಬಾಗಿಲ ಪಕ್ಕದ್ದು. ಮೂವತ್ತೊಂದು ವರ್ಷದಿಂದ ಅಲ್ಲಿ ಕೂತವರು ಇದುವರೆಗೆ ಸಭೆಯಲ್ಲಿ ಬಾಯಿ ತೆರೆದಿಲ್ಲ, ಏಕೆಂದರೆ ಯಾರೂ ಕೇಳಿಲ್ಲ. ಸಮಿತಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಕಣಿವೆಯ ಒಂದು ಮರಕ್ಕೆ ಕೊಡಲಿ ತಾಗಿದರೂ ಅವರಿಗೆ ನಿದ್ದೆ ಬರುವುದಿಲ್ಲ. ಕೇಳಿದ್ದು ಅವರೇ, ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. "ಛಾವಣಿಯೇ ಇಲ್ಲ. ಇದನ್ನ ಮನೆ ಅಂತ ಒಪ್ಪಿಕೊಂಡ್ರೆ, ನಾಳೆ ನಾಲ್ಕು ಮೋಟುಗೋಡೆ ಇರೋರೆಲ್ಲ ಬರ್ತಾರಲ್ಲ?"

ಅಧ್ಯಕ್ಷರು ಫೈಲು ಮುಚ್ಚುವಂತೆ ಕೈ ಮುಂದೆ ತಂದರು. ಅಷ್ಟರಲ್ಲಿ ಬಾಗಿಲ ಬಳಿಯ ಕುರ್ಚಿ ಸರಿದ ಸದ್ದಾಯಿತು.

"ಸರ್, ಒಂದು ನಿಮಿಷ," ಎಂದರು ಅಳತೆಯಕ್ಕ. ಎದ್ದು ನಿಂತು ನೋಟ್‌ಬುಕ್ಕು ತೆರೆದರು. "ನಿಯಮದಲ್ಲಿ ಎರಡು ಮಾತಿದೆ. ಗೋಡೆ ನಿಂತಿರಬೇಕು, ಜನ ವಾಸ ಇರಬೇಕು. ಗೋಡೆ ನಿಂತಿದೆ, ಎರಡು ಸಲ ಅಳೆದಿದೀನಿ. ಹೆಂಚು ಅಂಗಳದಲ್ಲಿದೆ, ಸಾವಿರದ ನೂರ ಆರು, ಒಂದೂ ಮಾರಿಲ್ಲ. ತೆಗೆದಿದ್ದು ಗೋಡೆ ಉಳಿಸೋಕೆ. ತೆಗೀಬಾರದು ಅಂತ ಮನೇಲಿರೋ ಇಬ್ಬರಿಗೂ ಹೇಳೋದು ನನ್ನ ಕೆಲಸ. ನಾನು ಒಬ್ಬರಿಗೇ ಹೇಳಿ ಬಂದೆ. ತಪ್ಪು ನಂದು. ಅದನ್ನ ನನ್ನ ಫೈಲಲ್ಲಿ ಬರ್ಕೊಳ್ಳಿ, ಅವರ ಫೈಲಲ್ಲಿ ಬೇಡ."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡನೇ ಸಲ ಎಷ್ಟೊತ್ತಿಗೆ ಹೋಗಿದ್ರಿ?"

"ಐದು ಐವತ್ತಕ್ಕೆ ಸರ್."

"ಆ ಹೊತ್ತಲ್ಲಿ, ಮೇಲೆ ಹೆಂಚಿಲ್ಲದೆ, ಒಳಗಿದ್ರಾ?"

"ಇಬ್ಬರೂ ಇದ್ರು. ಒಲೆ ಬೆಚ್ಚಗಿತ್ತು."

ಮೊದಲು ಮೇಲೆದ್ದ ಕೈ ಮೇಷ್ಟ್ರದು. ಐದು ಕೈ ಪರ, ಎರಡು ವಿರೋಧ. ಅದೇ ಜಾಗ, ಅದೇ ಅಳತೆ, ಒಂದೇ ಅಂತಸ್ತು, ಮಲಗುವ ಕೋಣೆ ದಿಬ್ಬದ ಕಡೆಗೆ. ಹೊರಗಿನ ಬೆಂಚಿನ ಮೇಲೆ ಕಾದಿದ್ದ ಅತ್ತಿಗೆ-ನಾದಿನಿಯರಿಗೆ ಸುದ್ದಿ ಹೇಳಿದ್ದು ಅಳತೆಯಕ್ಕನೇ. ಇಬ್ಬರೂ ಅತ್ತರು. ಅಳತೆಯಕ್ಕ ಅಳಲಿಲ್ಲ, ಆದರೆ ಬಸ್ ನಿಲ್ದಾಣದವರೆಗೂ ಪೆನ್ಸಿಲ್ ಎಲ್ಲಿ ಎಂದು ಹುಡುಕಾಡಿದರು. ಅದು ಕಿವಿಯ ಮೇಲೇ ಇತ್ತು.

ಅವರು ಕೇಳಿದ್ದನ್ನು ಕಚೇರಿ ತಪ್ಪದೆ ಕೊಟ್ಟಿತು. ಸೇವಾ ಪುಸ್ತಕದಲ್ಲಿ 'ಸೂಚನೆ ನೀಡುವಲ್ಲಿ ಲೋಪ' ಎಂಬ ಷರಾ ಬಿತ್ತು, ಮೂವತ್ತೊಂದು ವರ್ಷದಲ್ಲಿ ಮೊದಲನೆಯದು. ಅದರ ಪ್ರತಿಯನ್ನು ಅವರೇ ನನಗೆ ತೋರಿಸಿದರು. "ಇದನ್ನ ಗೋಡೆಗೆ ಹಾಕ್ಸೋಣ ಅಂತಾರೆ ನಮ್ಮನೆಯವರು," ಎಂದರು. ಯಜಮಾನರು ತಮಾಷೆ ಮಾಡುತ್ತಿಲ್ಲವೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಈಗ ಅಳತೆಯಕ್ಕ ಯಾವ ಮನೆಗೆ ಹೋದರೂ, ಹೆಂಚು ತೆಗೆಯಬಾರದೆಂಬ ಸೂಚನೆಗೆ ಆ ಮನೆಯ ದೊಡ್ಡವರೆಲ್ಲರ ಸಹಿ ಹಾಕಿಸಿಕೊಂಡೇ ಹೊರಡುತ್ತಾರೆ.

ಎಂಟು ತಿಂಗಳ ನಂತರ ಕೊನೆಯ ಅಳತೆಗೆ ಮತ್ತೆ ಗುಡ್ಡ ಹತ್ತುತ್ತಿದ್ದೇವೆ. ಈ ಸಲ ಇಬ್ಬರೂ ಮನೆಯಲ್ಲಿರುವ ಹೊತ್ತು ಕೇಳಿಕೊಂಡು ಬಂದಿದ್ದಾರೆ, ಎಂಟೂವರೆ. ಅಳತೆಯಕ್ಕ ಮೊದಲು ಎದುರು ಗುಡ್ಡದ ಕಾಲುದಾರಿಗೆ ಹೋಗಿ, ಅದೇ ಮೂರು ಕಡೆ ನಿಲ್ಲುತ್ತಾರೆ. ಮನೆ ಎಲ್ಲಿದೆಯೆಂದು ಗೊತ್ತಿದ್ದೂ ನನಗೆ ಹುಡುಕಬೇಕಾಗುತ್ತದೆ. ಹಳೆಯ ಹೆಂಚುಗಳೇ ಹೊಸ ಛಾವಣಿಯ ಮೇಲೆ ಕೂತಿವೆ, ಅದರ ಮೇಲೆ ಮರಗಳ ನೆತ್ತಿ, ಅದರ ಮೇಲೆ ಖಾಲಿ ಆಕಾಶ. "ಕಾಣಲ್ಲ ಅಲ್ವಾ?" ಎಂದು ಕೇಳುವಾಗ ಅವರ ಮುಖ ನೋಡಬೇಕು. ತಮ್ಮ ಕೈಕೆಲಸ ಕಣ್ಣಿಗೆ ಬೀಳುತ್ತಿಲ್ಲವೆಂದು ಇಷ್ಟು ಹೆಮ್ಮೆ ಪಡುವವರನ್ನು ನಾನು ಬೇರೆ ಕಂಡಿಲ್ಲ.

ಅತ್ತಿಗೆ ತೂಕಡಿಸುತ್ತಲೇ ಸಹಿ ಹಾಕಿ, ದಿಬ್ಬದ ಕಡೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಎಲ್ಲವೂ ಪಿಸುಮಾತಿನಲ್ಲಿ. ಅಳತೆ ಮುಗಿಯುತ್ತದೆ, ಇಪ್ಪತ್ತೆರಡು ಕಾಲಂಗಳ ಫಾರಂ ತುಂಬುತ್ತದೆ. ನಾದಿನಿ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಮೆಲ್ಲಗೆ, "ಮುಟ್ಟಿ ನೋಡಲ್ವಾ ಅಕ್ಕ?" ಎನ್ನುತ್ತಾರೆ. ನಿಯಮದ ಪ್ರಕಾರ ಇವತ್ತು ಅದರ ಅಗತ್ಯವಿಲ್ಲ. ಆದರೂ ಅಳತೆಯಕ್ಕ ಕೂರುತ್ತಾರೆ, ಹೊಸ ಒಲೆಯ ಮೇಲೆ ಅಂಗೈ ಇಡುತ್ತಾರೆ. ಈ ಸಲ ಹತ್ತು ಎಣಿಸಿದ ಮೇಲೂ ಕೈ ತೆಗೆಯುವುದಿಲ್ಲ. ಆಮೇಲೆ ಫಾರಂನ ಅಂಚಿನಲ್ಲಿ ಆ ಎರಡು ಪದ ಬರೆಯುತ್ತಾರೆ.

ಗುಡ್ಡ ಇಳಿಯುವಾಗ, ನಿವೃತ್ತಿಯ ಹೊತ್ತಿಗೆ ಕಚೇರಿಯಿಂದ ಏನಾದರೂ ಕೇಳುವುದಿದ್ದರೆ ಏನು ಕೇಳುತ್ತೀರಿ ಎಂದು ಕೇಳಿದೆ.

"ಫಾರಂನಲ್ಲಿ ಒಲೆಗೆ ಒಂದು ಕಾಲಂ ಕೊಡಿ ಅಂತ. ಇಪ್ಪತ್ತಮೂರನೇದು. ನಾನು ಅಂಚಲ್ಲಿ ಬರ್ಕೊಂಡು ಬಂದೆ, ನನ್ನ ಹಿಂದೆ ಬರೋರು ಬರೀತಾರೋ ಇಲ್ವೋ. ಕಾಲಂ ಇದ್ರೆ ಬಗ್ಗಲೇಬೇಕು." ತೊರೆಯ ಹತ್ತಿರ ನಿಂತು ಬೂಟಿನ ದಾರ ಬಿಗಿದುಕೊಂಡರು. "ನಮ್ಮಮ್ಮ ಕೆಲಸಕ್ಕೆ ಹೋಗೋವಾಗ ದಿನಾ ಕೆಂಡದ ಮೇಲೆ ಬೂದಿ ಎಳೆದು ಹೋಗೋಳು, ಸಂಜೆಗೆ ಬೇಕಲ್ಲ ಅಂತ. ಆವತ್ತೂ ಎಳೆದಿದ್ಲು. ಹನ್ನೊಂದು ಇಪ್ಪತ್ತಕ್ಕೆ ಬಂದ್ರೂ ಪರವಾಗಿರಲಿಲ್ಲ. ಬಾಗಿಲು ತೆಗೆದು ಒಳಗೆ ಬಂದು ಒಂದು ಸಲ ಕೈ ಇಟ್ಟಿದ್ರೆ ಸಾಕಿತ್ತು. ನಮ್ಮ ಒಲೆ ಬೆಚ್ಚಗಿತ್ತು."